ಸಾಹೇಬರ ಸಾಲು

ಒಂಬತ್ತನೇ ತಾರೀಕು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನೀರು ಹಂಚಿಕೆ ಕಚೇರಿಯ ಮುಖ್ಯಾಧಿಕಾರಿ ಪೊಲೀಸ್ ಠಾಣೆಗೆ ಬಂದು, ತಮ್ಮ ಕಚೇರಿಯ ಆವಕ ಪುಸ್ತಕ ಕಳುವಾಗಿದೆ ಎಂದು ದೂರು ಕೊಟ್ಟರು. ಆವಕ ಪುಸ್ತಕವೆಂದರೆ ಕಚೇರಿಗೆ ಬಂದ ಪ್ರತಿಯೊಂದು ಕಾಗದಕ್ಕೂ ಒಂದು ಸಂಖ್ಯೆ, ಒಂದು ತಾರೀಕು ಕೊಟ್ಟು ಬರೆದಿಡುವ ದಪ್ಪ ರಟ್ಟಿನ ಪುಸ್ತಕ. ಗುಜರಿಯವನೂ ಮೂಸಿ ನೋಡದ ವಸ್ತು. ಅದಕ್ಕಾಗಿ ಮುಖ್ಯಾಧಿಕಾರಿಗಳೇ ಖುದ್ದಾಗಿ ಬಂದಿದ್ದಾರೆ, ಅದೂ ಬ್ಯಾಟರಿ ಕಂಪನಿಯ ಬಿಳಿ ಕಾರಿನಲ್ಲಿ ಬಂದು ಇಳಿದಿದ್ದಾರೆ ಎನ್ನುವುದನ್ನು ಇನ್‌ಸ್ಪೆಕ್ಟರು ಕಿಟಕಿಯಿಂದಲೇ ನೋಡಿದರು. ನೋಡಿದ ಕೂಡಲೇ ಅವರಿಗೆ ತಲೆನೋವು ಶುರುವಾಯಿತು.

ಜೊತೆಗೆ ಕಂಪನಿಯ ಸಂಪರ್ಕಾಧಿಕಾರಿಯೂ ಇದ್ದ. ಎಂಥ ಸೆಕೆಯಲ್ಲೂ ಅವನ ಅಂಗಿ ಮುದುಡಿದ್ದನ್ನು ಯಾರೂ ಕಂಡಿರಲಿಲ್ಲವಾದ್ದರಿಂದ ಠಾಣೆಯವರು ಬೆನ್ನ ಹಿಂದೆ ಅವನನ್ನು ಇಸ್ತ್ರಿ ಎನ್ನುತ್ತಿದ್ದರು. ಎದುರಿಗೆ ಅನ್ನುವ ಹಾಗಿರಲಿಲ್ಲ. ಠಾಣೆಯ ಹನ್ನೆರಡು ಕುರ್ಚಿ, ಎರಡು ಕಂಪ್ಯೂಟರ್, ಶೌಚಾಲಯದ ಹೊಸ ಬಾಗಿಲು ಎಲ್ಲವೂ ಕಂಪನಿಯ ಕೊಡುಗೆ. ಕುರ್ಚಿಗಳ ಬೆನ್ನಿಗೆ ಕಂಪನಿಯ ಚಿಹ್ನೆ ಅಂಟಿಸಿದ್ದರು. ಬಾಗಿಲನ್ನೂ ಬಿಟ್ಟಿರಲಿಲ್ಲ.

"ಏನೇನು ಹೋಗಿದೆ?" ಇನ್‌ಸ್ಪೆಕ್ಟರು ಕೇಳಿದರು.

"ಆವಕ ಪುಸ್ತಕ," ಎಂದರು ಮುಖ್ಯಾಧಿಕಾರಿ.

"ಅದರ ಜೊತೆಗೆ?"

"ಮತ್ತೇನಿಲ್ಲ."

"ಬೀಗ ಒಡೆದಿದ್ದಾರಾ?"

"ಇಲ್ಲ."

"ಹಾಗಾದ್ರೆ ಒಳಗಿನವರೇ ಯಾರೋ ಎತ್ತಿಟ್ಟಿರ್ತಾರೆ. ಹುಡುಕಿದ್ರಾ?"

ಮುಖ್ಯಾಧಿಕಾರಿ ಇಸ್ತ್ರಿಯ ಮುಖ ನೋಡಿದರು. ಉತ್ತರ ಕೊಟ್ಟವನು ಇಸ್ತ್ರಿಯೇ.

"ಕೆರೆ ಸಮಿತಿ ಅಂತ ಒಂದಿದೆಯಲ್ಲ ಸಾರ್, ಅವರದ್ದೇ ಕೆಲಸ. ಆ ರಿಟೈರ್ಡ್ ಮೇಷ್ಟ್ರು ಶನಿವಾರ ಇಡೀ ದಿನ ಕಚೇರೀಲೇ ಕೂತಿದ್ರು. ಅವರ ಮೇಲೆ ಅನುಮಾನ ಅಂತ ದೂರಲ್ಲಿ ಬರೆದಿದ್ದೀವಿ."

"ಬರೆದಿದ್ದೀವಿ ಅಂದ್ರೆ? ದೂರುದಾರರು ಅವರೋ ನೀವೋ?"

"ಟೈಪ್ ಮಾಡಿಕೊಟ್ಟಿದ್ದು ಮಾತ್ರ ನಾವು ಸಾರ್. ಅವರ ಕಚೇರಿ ಪ್ರಿಂಟರ್ ಕೆಟ್ಟಿದೆ."

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೊಂದು ನಲವತ್ತಕ್ಕೆ ಜಿಲ್ಲೆಯ ಮೇಲಧಿಕಾರಿಯಿಂದ ಫೋನು ಬಂತು.

"ಶುಕ್ರವಾರ ಪರದೇಶದ ಬ್ಯಾಂಕಿನವರು ಬರ್ತಾರೆ. ಕಂಪನಿಗೆ ಸಾಲ ಕೊಡೋರು ಅವರು. ಆ ಪುಸ್ತಕ ನೋಡಬೇಕಂತೆ. ಗುರುವಾರ ಸಂಜೆ ಐದರೊಳಗೆ ಹುಡುಕಿ. ಸಿಗದಿದ್ರೆ, ಪತ್ತೆಯಾಗಿಲ್ಲ ಅಂತ ಒಂದು ಪತ್ರ ಕೊಟ್ಟುಬಿಡಿ. ಅವರು ನಕಲು ಪುಸ್ತಕ ಮಾಡ್ಕೋತಾರೆ."

"ಸಾರ್, ಎಫ್‌ಐಆರ್ ಹಾಕಿ ಮೂವತ್ತೈದು ನಿಮಿಷ ಆಗಿದೆ."

"ಅದಕ್ಕೇ ಮುಂಚಿತವಾಗಿ ಹೇಳ್ತಿದ್ದೀನಿ. ತಡವಾಗಿದ್ದು ನಮ್ಮಿಂದ ಅಂತಾದ್ರೆ ಅವರು ಹೊರದೇಶದ ನ್ಯಾಯಮಂಡಳೀಲಿ ನಮ್ಮ ಸರ್ಕಾರದ ಮೇಲೇ ದಾವೆ ಹಾಕ್ತಾರೆ. ಒಪ್ಪಂದದಲ್ಲಿದೆ. ಪರಿಹಾರ ನಿಮ್ಮ ಸಂಬಳದಲ್ಲಿ ಕಟ್ತೀರಾ?"

ಇನ್‌ಸ್ಪೆಕ್ಟರು ಫೋನಿಟ್ಟು, ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸುವುದನ್ನು ಕೇಳಿದ್ದೆ, ಕೂಸು ಹುಟ್ಟುವುದಕ್ಕೆ ಮುಂಚೆ ಗುಂಡಿ ತೋಡುವುದನ್ನು ಇವತ್ತು ನೋಡಿದೆ ಎಂದರು. ಎದುರಿಗಿದ್ದ ದಫೇದಾರ ನಗಲಿಲ್ಲ. ಅವನ ಮನೆಯ ನಲ್ಲಿಯಲ್ಲೂ ನೀರು ಬಂದು ಮೂರು ದಿನವಾಗಿತ್ತು.

ಕಂಪನಿ ಕೇಳಿದ್ದು ಕೆರೆಯ ನೀರು, ದಿನಕ್ಕೆ ನಲವತ್ತು ಲಕ್ಷ ಲೀಟರು. ಊರಿಡೀ ಕುಡಿಯುವುದು ಅದನ್ನೇ. ಹೂಡಿಕೆ ಬಂದರೆ ಸಾಕು ಎಂದು ಸರ್ಕಾರ ಕಣ್ಣುಮುಚ್ಚಿ ಸಹಿ ಹಾಕಿದ ಒಪ್ಪಂದದಲ್ಲಿ ಒಂದು ಷರತ್ತಿತ್ತು. ಅರ್ಜಿ ಆವಕವಾದ ದಿನದಿಂದ ಇಪ್ಪತ್ತೊಂದು ದಿನದೊಳಗೆ ಯಾರೂ ಆಕ್ಷೇಪಿಸದಿದ್ದರೆ ಅನುಮತಿ ಕೊಟ್ಟಂತೆಯೇ. ಮದುವೆ ಮಾತುಕತೆಯಲ್ಲಿ ಹುಡುಗಿ ತಲೆ ತಗ್ಗಿಸಿದರೆ ಮೌನಂ ಸಮ್ಮತಿ ಲಕ್ಷಣಂ ಎನ್ನುವ ಹಿರಿಯರೇ ಕೂತು ಬರೆದಂತಿತ್ತು. ಕಂಪನಿಯ ಅರ್ಜಿ ಹೋದ ತಿಂಗಳು ಹದಿಮೂರಕ್ಕೆ ಆವಕವಾಗಿದೆಯೆಂದು ಕಚೇರಿ ಹೇಳುತ್ತಿತ್ತು. ಇಪ್ಪತ್ತೊಂದು ದಿನ ಈ ತಿಂಗಳ ನಾಲ್ಕಕ್ಕೆ ಮುಗಿಯಿತು. ಹಾಗೊಂದು ಅರ್ಜಿ ಬಂದಿದೆ ಎನ್ನುವ ಸೂಚನೆ ಕಚೇರಿಯ ಫಲಕದ ಮೇಲೆ ಊರಿನವರ ಕಣ್ಣಿಗೆ ಬಿದ್ದದ್ದು ಐದಕ್ಕೆ. ಐದರಿಂದ ಏಳರವರೆಗೆ ಆರುನೂರ ಹನ್ನೊಂದು ಜನ ಆಕ್ಷೇಪಣೆ ಬರೆದುಕೊಟ್ಟರು. ಆರುನೂರ ಹನ್ನೊಂದರ ಮೇಲೂ 'ಅವಧಿ ಮೀರಿದೆ' ಎಂಬ ಮುದ್ರೆ ಬಿತ್ತು.

ಮಧ್ಯಾಹ್ನ ಹನ್ನೆರಡೂವರೆಗೆ ಇನ್‌ಸ್ಪೆಕ್ಟರು, ದಫೇದಾರ ಮತ್ತು ಒಬ್ಬ ಕಾನ್‌ಸ್ಟೇಬಲ್ ನೀರು ಹಂಚಿಕೆ ಕಚೇರಿಗೆ ಹೋದರು. ಕಾನ್‌ಸ್ಟೇಬಲ್‌ನನ್ನು ಎಲ್ಲರೂ ಟೇಪು ಎಂದು ಕರೆಯುತ್ತಿದ್ದರು. ಅಳೆಯಬೇಕಾದದ್ದನ್ನೂ ಬೇಡವಾದದ್ದನ್ನೂ ಅವನು ಅಳೆದು, ಎಣಿಸಿ, ಬರೆದಿಡುವವನು. ಕಟ್ಟಡದ ಎಡಭಾಗದಲ್ಲಿ ಗಾಜಿನ ಗೋಡೆಯ, ತಣ್ಣಗಿನ, ಕುಂಡದಲ್ಲಿ ಗಿಡ ಇಟ್ಟ ಕೋಣೆಯಿತ್ತು. ಅದು ಕಂಪನಿಯೇ ನಡೆಸುವ ಹೂಡಿಕೆದಾರರ ನೆರವು ಕೇಂದ್ರ. ಬಲಭಾಗದಲ್ಲಿ ಸರ್ಕಾರ. ಅಲ್ಲಿ ಮೂರು ರೆಕ್ಕೆಯ ಫ್ಯಾನಿಗೆ ಎರಡೇ ರೆಕ್ಕೆ ಉಳಿದು, ಅದು ಒಂದು ಸುತ್ತಿಗೊಮ್ಮೆ ಕಟಕ್ ಎನ್ನುತ್ತಿತ್ತು.

ಆವಕ ವಿಭಾಗವೆಂದರೆ ಒಂದು ಮೇಜು, ಒಬ್ಬ ಹೆಂಗಸು. ಐವತ್ತರ ಆಸುಪಾಸಿನ, ಸಣ್ಣ ದೇಹದ, ಕನ್ನಡಕವನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡ ಗುಮಾಸ್ತೆ. ಇಪ್ಪತ್ತಮೂರು ವರ್ಷದಿಂದ ಅದೇ ಮೇಜಿನಲ್ಲಿ ಕೂತು ಟಪಾಲು ತೆಗೆದುಕೊಂಡದ್ದರಿಂದ ಊರಿಗೆಲ್ಲ ಆಕೆ ಟಪಾಲಮ್ಮ.

"ಪುಸ್ತಕ ಕೊನೆಗೆ ಯಾವಾಗ ನೋಡಿದ್ರಿ?"

"ಶನಿವಾರ ಸಂಜೆ ಐದೂಮುಕ್ಕಾಲು."

"ಎಲ್ಲಿ?"

"ನನ್ನ ಕೈಯಲ್ಲಿ."

"ಆಮೇಲೆ?"

"ಮೇಜು ಖಾಲಿ ಮಾಡಿ, ಬಾಗಿಲಿಗೆ ಬೀಗ ಹಾಕಿ, ಕೀಲಿ ಕಾವಲುಗಾರನಿಗೆ ಕೊಟ್ಟೆ."

"ಇವತ್ತು?"

"ಮೇಜಿನ ಮೇಲೆ ಇರಲಿಲ್ಲ."

ದಫೇದಾರ ಅಷ್ಟನ್ನೂ ಬರೆದುಕೊಂಡ. ಟೇಪು ಮೇಜಿನ ಉದ್ದಗಲ ಅಳೆದ. ಸ್ಥಳ ಪಂಚನಾಮೆ ನಡೆಯುತ್ತಿದ್ದಾಗ ಇನ್‌ಸ್ಪೆಕ್ಟರು ಸುಮ್ಮನಿರಲಾರದೆ ಮೇಜಿನ ಮೇಲಿದ್ದ ಹೋದ ವರ್ಷದ ಆವಕ ಪುಸ್ತಕ ತಿರುವಿದರು. ಅಕ್ಷರ ಮುತ್ತು ಪೋಣಿಸಿದ ಹಾಗಿತ್ತು. ಆದರೆ ಪ್ರತಿ ದಿನದ ಕೊನೆಗೆ ಎರಡು ಸಾಲು ಖಾಲಿ. ಸಂಖ್ಯೆ ಇದೆ, ಮುಂದೆ ಏನೂ ಇಲ್ಲ.

"ಇದ್ಯಾಕೆ ಹೀಗೆ?"

"ಅದು ಸಾಹೇಬರ ಸಾಲು," ಎಂದರು ಟಪಾಲಮ್ಮ. "ದಿನಾ ಎರಡು ಬಿಡ್ತೀವಿ. ತಡವಾಗಿ ಬಂದ ಕಾಗದವನ್ನು ಹಿಂದಿನ ತಾರೀಕಿಗೆ ಸೇರಿಸಬೇಕು ಅಂತ ಸಾಹೇಬರು ಹೇಳಿದ್ರೆ ಜಾಗ ಬೇಕಲ್ಲ. ವರ್ಷದ ಕೊನೆಗೆ ಉಳಿದಿದ್ದಕ್ಕೆಲ್ಲ ರದ್ದು ಅಂತ ಬರೀತೀವಿ."

"ಇದು ನಿಯಮದಲ್ಲಿದೆಯಾ?"

"ನಿಯಮದಲ್ಲಿ ಇಲ್ಲ. ನನಗೆ ಕೆಲಸ ಕಲಿಸಿದವರು ಬಿಡ್ತಿದ್ರು. ಅವರಿಗೆ ಕಲಿಸಿದವರೂ ಬಿಡ್ತಿದ್ರಂತೆ."

ಮುಖ್ಯಾಧಿಕಾರಿ ತಮ್ಮ ಕೋಣೆಯ ಬಾಗಿಲಲ್ಲಿ ನಿಂತು, ಅದೆಲ್ಲ ಎಲ್ಲಾ ಕಚೇರೀಲೂ ಇರೋದೇ, ಕಳ್ಳತನಕ್ಕೂ ಅದಕ್ಕೂ ಏನು ಸಂಬಂಧ ಎಂದರು. ಯಾರೂ ಸಂಬಂಧ ಇದೆ ಎಂದಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಇನ್‌ಸ್ಪೆಕ್ಟರು ಇಪ್ಪತ್ತು ವರ್ಷದಲ್ಲಿ ಬೇಕಾದಷ್ಟು ನೋಡಿದ್ದರು. ಕುಂಬಳಕಾಯಿ ಎನ್ನುವುದಕ್ಕೂ ಮುಂಚೆ ಮುಟ್ಟಿ ನೋಡಿಕೊಂಡವರು ಇವರೊಬ್ಬರೇ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಮೇಷ್ಟ್ರನ್ನು ಅವರ ಮನೆಯಲ್ಲೇ ವಿಚಾರಿಸಲಾಯಿತು. ಮೇಷ್ಟ್ರು ಜಗಲಿಯಲ್ಲಿ ಸಾಲಾಗಿ ಇಟ್ಟ ಎಂಟು ಖಾಲಿ ಬಿಂದಿಗೆಗಳ ಪಕ್ಕ ಕೂತಿದ್ದರು.

"ಪುಸ್ತಕ ತಗೊಂಡಿರಾ?"

"ನಾನ್ಯಾಕೆ ತಗೊಳ್ಳಲಿ? ಆ ಪುಸ್ತಕ ಉಳಿದ್ರೆ ನಾನು ಉಳಿದೆ. ಹದಿಮೂರನೇ ತಾರೀಕಿನ ಪುಟ ಒಂದ್ಸಲ ತೋರಿಸಿ ಅಂತ ಶನಿವಾರ ಬೆಳಿಗ್ಗೆಯಿಂದ ಸಂಜೆವರೆಗೂ ಬೆಂಚಿನ ಮೇಲೆ ಕೂತಿದ್ದೆ. ನಾಳೆ ಬನ್ನಿ ಅಂದ್ರು. ನಾಳೆ ಭಾನುವಾರ ಅಂದೆ. ಹಾಗಾದ್ರೆ ನಾಡಿದ್ದು ಅಂದ್ರು. ನಾಡಿದ್ದು ಹೋದ್ರೆ ಅಲ್ಲಿ ನೀವಿದ್ರಿ."

"ಹದಿಮೂರರ ಪುಟದಲ್ಲಿ ಏನಿದೆ ಅಂತ ನಿಮ್ಮ ಅನುಮಾನ?"

"ನಾನು ಲೆಕ್ಕದ ಮೇಷ್ಟ್ರು. ಅರ್ಜಿ ಬಂದಿದೆ ಅಂತ ಜನಕ್ಕೆ ಗೊತ್ತಾಗೋ ಹಿಂದಿನ ದಿನವೇ ಆಕ್ಷೇಪಣೆಯ ಕೊನೇ ದಿನ. ಇಂಥ ಲೆಕ್ಕ ತಾನಾಗಿ ಹೊಂದೋದಿಲ್ಲ ಸ್ವಾಮಿ, ಯಾರೋ ಹೊಂದಿಸಿರಬೇಕು. ಅದನ್ನು ತೋರಿಸೋಕೆ ಇರೋದು ಆ ಪುಸ್ತಕ ಒಂದೇ. ನಾಳೆ ನೀವು ಪತ್ತೆಯಾಗಿಲ್ಲ ಅಂತ ಬರೆದುಕೊಟ್ರೆ, ಅವರು ಹೊಸ ಪುಸ್ತಕ ಬರೀತಾರೆ. ಆಮೇಲೆ ಅದೇ ಸತ್ಯ. ನಾವು ಈ ಬಿಂದಿಗೆ ಮಾರಬೇಕು."

ಪತ್ತೆಯಾಗಿಲ್ಲ ಪತ್ರದ ವಿಷಯ ಮೇಷ್ಟ್ರಿಗೆ ಹೇಗೆ ಗೊತ್ತಾಯಿತು ಎಂದು ಇನ್‌ಸ್ಪೆಕ್ಟರು ಕೇಳಲಿಲ್ಲ. ಕಂಪನಿಯ ಕಾರಿನ ಚಾಲಕನಿಗೆ ಗೊತ್ತಿದ್ದದ್ದು ಊರಿಗೆಲ್ಲ ಗೊತ್ತಿತ್ತು. ಜೀಪು ಹತ್ತುವಾಗ ಹೆಂಡತಿಯ ಫೋನು ಬಂತು. ಟ್ಯಾಂಕರಿನವನು ದುಡ್ಡು ತೆಗೆದುಕೊಂಡು ಬರಲೇ ಇಲ್ಲ, ನೀವೇನು ಪೊಲೀಸರೋ ಅಲ್ಲವೋ ಎಂದು ಆಕೆ ಕೇಳಿದರು. ಇನ್‌ಸ್ಪೆಕ್ಟರಿಗೂ ಎರಡು ದಿನದಿಂದ ಅದೇ ಅನುಮಾನ ಕಾಡುತ್ತಿತ್ತು.

ಅದೇ ದಿನ ಮಧ್ಯಾಹ್ನ ಮೂರಕ್ಕೆ ಅವರು ಮತ್ತೆ ಕಚೇರಿಗೆ ಹೋಗಿ ಟಪಾಲಮ್ಮನ ಮೇಜಿನ ಡ್ರಾಯರುಗಳನ್ನು ತೆಗೆಸಿದರು. ಮೇಲಿನದರಲ್ಲಿ ಮುದ್ರೆ, ಗುಂಡುಸೂಜಿ, ಒಂದು ಪೊಟ್ಟಣ ಶುಂಠಿ ಪೆಪ್ಪರ್‌ಮಿಂಟು. ಕೆಳಗಿನದರಲ್ಲಿ ಒಂದು ಹೊಚ್ಚಹೊಸ ಆವಕ ಪುಸ್ತಕ. ತೆರೆದು ನೋಡಿದರೆ ವರ್ಷದ ಮೊದಲ ದಿನದಿಂದ ಮೂವತ್ತೆಂಟು ಪುಟ ಬರೆದಾಗಿತ್ತು, ಎಲ್ಲ ಒಂದೇ ಪೆನ್ನಿನಲ್ಲಿ. ಖಾಲಿ ಸಾಲು ಒಂದೂ ಇರಲಿಲ್ಲ. ಮೂವತ್ತೊಂಬತ್ತನೇ ಪುಟದ ಅರ್ಧದಲ್ಲಿ ಬರವಣಿಗೆ ನಿಂತಿತ್ತು.

"ಇದೇನು?"

"ನಕಲು ಪುಸ್ತಕ."

"ಯಾರು ಬರೆಯೋಕೆ ಹೇಳಿದ್ದು?"

ಟಪಾಲಮ್ಮ ಮುಖ್ಯಾಧಿಕಾರಿಯ ಕೋಣೆಯ ಕಡೆ ನೋಡಿದರು.

"ಯಾವಾಗ?"

"ಶುಕ್ರವಾರ ಬೆಳಿಗ್ಗೆ."

"ಅಂದ್ರೆ ಕಳುವಾಗೋಕೆ ಒಂದು ದಿನ ಮುಂಚೇನೇ ನಕಲು. ಹಳೇದನ್ನ ಏನು ಮಾಡ್ತಾರಂತೆ?"

"ಚೂರು ಮಾಡೋ ಮಷೀನಿಗೆ ಹಾಕ್ತಾರಂತೆ. ಕಂಪನಿಯವರು ಕೊಟ್ಟ ಮಷೀನು."

ಮುಖ್ಯಾಧಿಕಾರಿ ಓಡಿ ಬಂದರು. ಹಳೆಯ ಪುಸ್ತಕದ ರಟ್ಟು ಕಿತ್ತುಹೋಗಿತ್ತು, ಹೊರದೇಶದವರ ಮುಂದೆ ಅದನ್ನು ಇಡುವುದು ಹೇಗೆ, ದೇಶದ ಮಾನದ ಪ್ರಶ್ನೆ ಎಂದರು. ರಟ್ಟು ಕಿತ್ತುಹೋದರೆ ರಟ್ಟು ಹಾಕಿಸುತ್ತಾರೆಯೇ ಹೊರತು ಒಳಗಿನ ಮೂರು ಸಾವಿರ ಸಾಲು ಮತ್ತೆ ಬರೆಸುತ್ತಾರೆಯೇ ಎಂದು ಇನ್‌ಸ್ಪೆಕ್ಟರು ಕೇಳಿದ್ದಕ್ಕೆ ಅವರು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ನನಗೂ ಮೇಲಿನಿಂದ ಫೋನು ಬರುತ್ತೆ ಇನ್‌ಸ್ಪೆಕ್ಟರೇ. ನಿಮಗೆ ಒಂದು ಕಡೆಯಿಂದ ಬಂದ್ರೆ ನನಗೆ ನಾಲ್ಕು ಕಡೆಯಿಂದ," ಎಂದರು. ಅದು ಸುಳ್ಳಿರಲಾರದು ಎನಿಸಿ ಇನ್‌ಸ್ಪೆಕ್ಟರಿಗೆ ಇನ್ನಷ್ಟು ಸಿಟ್ಟು ಬಂತು.

ಶನಿವಾರ ಸಂಜೆಯವರೆಗೂ ನಕಲು ಮಾಡುತ್ತಿದ್ದವರ ಕೈಯಲ್ಲಿ ಮೂಲ ಇತ್ತು. ಸೋಮವಾರ ಇಲ್ಲ. ಇದರಲ್ಲಿ ಪತ್ತೇದಾರಿಕೆ ಮಾಡುವುದೇನೂ ಉಳಿದಿರಲಿಲ್ಲ. ಇನ್‌ಸ್ಪೆಕ್ಟರು ಟಪಾಲಮ್ಮನ ಎದುರು ಕುರ್ಚಿ ಎಳೆದುಕೊಂಡು ಕೂತರು.

"ಪುಸ್ತಕ ಮನೆಗೆ ತಗೊಂಡು ಹೋದ್ರಾ?"

"ಇಲ್ಲ."

"ಮೇಷ್ಟ್ರಿಗೆ ಕೊಟ್ರಾ?"

"ಕಚೇರಿ ದಾಖಲೆ ಹೊರಗಿನವರಿಗೆ ಕೊಡೋ ಹಾಗಿಲ್ಲ."

"ಸುಟ್ಟು ಹಾಕಿದ್ರಾ?"

ಆಕೆಗೆ ಅವಮಾನವಾದಂತೆ ಕಂಡಿತು. "ಅದರಲ್ಲಿ ಎಷ್ಟೋ ಜನರ ಕಾಗದ ಇದೆ. ಸುಡ್ತಾರಾ ಯಾರಾದ್ರೂ?"

"ಹಾಗಾದ್ರೆ ಎಲ್ಲಿದೆ?"

ಇದಕ್ಕೆ ಆಕೆ ಸುಳ್ಳೂ ಹೇಳಲಿಲ್ಲ, ನಿಜವನ್ನೂ ಹೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೂತರು.

"ಒಪ್ಪಿಕೊಂಡರು ಅಂತ ಬರೀಲಾ ಸಾರ್?" ದಫೇದಾರ ಕೇಳಿದ.

"ಸುಮ್ಮನಿದ್ದವರನ್ನ ಒಪ್ಪಿದರು ಅಂತ ಬರೆಯೋಕೆ ನಾವೇನು ಕಂಪನಿಯವರಾ? ಉತ್ತರಿಸಲಿಲ್ಲ ಅಂತ ಬರಿ."

ಬುಧವಾರ ಬೆಳಿಗ್ಗೆ ಎಂಟಕ್ಕೆ, ಮಹಿಳಾ ಕಾನ್‌ಸ್ಟೇಬಲ್ ಸಮೇತ ಟಪಾಲಮ್ಮನ ಮನೆಯ ಶೋಧ ನಡೆಯಿತು. ಓಣಿಯ ಕೊನೆಯ ಎರಡು ಕೋಣೆಯ ಮನೆ. ಆಕೆಯ ವಿಧವೆ ಅಕ್ಕ ಬಾಗಿಲು ತೆಗೆದವರೇ, ಬೂಟು ಹೊರಗೆ ಬಿಡಿ ಎಂದರು. ಬಿಟ್ಟರು.

"ನಮ್ಮವಳು ಕಚೇರಿಯ ಗುಂಡುಸೂಜಿ ಕೂಡ ಮನೆಗೆ ತಂದವಳಲ್ಲ," ಎಂದರು ಅಕ್ಕ. "ಒಂದು ಸಲ ಸೀರೆ ಪಿನ್ನು ಮುರೀತು ಅಂತ ಕಚೇರಿ ಪಿನ್ನು ಚುಚ್ಚಿಕೊಂಡು ಬಂದು, ಮಾರನೇ ದಿನ ತಗೊಂಡು ಹೋಗಿ ವಾಪಸ್ ಇಟ್ಟಳು. ಇಂಥವಳ ಮನೇಲಿ ಕಳ್ಳಮಾಲು ಹುಡುಕ್ತೀರಲ್ಲ, ನಿಮಗೆ ಬೇರೆ ಕೆಲಸ ಇಲ್ವಾ?"

"ಇದೆ ಅಮ್ಮ. ಮಾಡೋಕೆ ಬಿಡ್ತಿಲ್ಲ."

"ಶನಿವಾರದಿಂದ ಊಟ ಸರಿಯಾಗಿ ಮಾಡ್ತಿಲ್ಲ ಅವಳು. ಏನೇ ಅಂದ್ರೆ, ಅಕ್ಕಾ, ನನ್ನ ಕೈಯಲ್ಲೇ ಮಾಡಿಸಿದ್ರು ಅಂತಾಳೆ. ಏನು ಮಾಡಿಸಿದ್ರು ಅಂತ ಹೇಳಲ್ಲ."

ಟ್ರಂಕು, ಅಕ್ಕಿ ಡಬ್ಬ, ಹಾಸಿಗೆಯ ಸುರುಳಿ, ಎಲ್ಲ ನೋಡಿದರು. ಪುಸ್ತಕ ಸಿಗಲಿಲ್ಲ. ಒಂಬತ್ತು ನಲವತ್ತಕ್ಕೆ ಶೋಧ ಮುಗಿಯಿತು. ಸಂಜೆ ಇಸ್ತ್ರಿ ಠಾಣೆಗೆ ಬಂದಾಗ ಪತ್ತೆಯಾಗಿಲ್ಲ ಪತ್ರವನ್ನು ಟೈಪು ಮಾಡಿಸಿಯೇ ತಂದಿದ್ದ. ತಾರೀಕು ಗುರುವಾರದ್ದು. ಸಹಿ ಮಾಡುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿತ್ತು. ತನಿಖೆಯನ್ನೂ ನೀವೇ ಮಾಡಿಬಿಟ್ಟಿದ್ದರೆ ನಾನು ಮನೆಯಲ್ಲಿ ಕೂತು ಟ್ಯಾಂಕರಿಗೆ ಕಾಯಬಹುದಿತ್ತು ಎಂದರು ಇನ್‌ಸ್ಪೆಕ್ಟರು. ಇಸ್ತ್ರಿ ನಕ್ಕ. ಅವನಿಗೆ ಅದು ತಮಾಷೆಯೆಂದೇ ಅನ್ನಿಸಿತ್ತು.

ಗುರುವಾರ, ಹನ್ನೆರಡನೇ ತಾರೀಕು. ಬೆಳಿಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರು ಕೊನೆಯ ಸಲಕ್ಕೆಂದು ಕಚೇರಿಗೆ ಹೋದರು. ಉಳಿದಿದ್ದದ್ದು ಹಿಂಭಾಗದ ಹಳೇ ದಾಖಲೆಗಳ ಕೋಣೆ. ಸೋಮವಾರ ಮುಖ್ಯಾಧಿಕಾರಿ, ಅಲ್ಲಿಗೆ ವರ್ಷಗಟ್ಟಲೆ ಯಾರೂ ಹೋಗಿಲ್ಲ, ಬರೀ ಧೂಳು ಎಂದಿದ್ದರು. ಆ ಮಾತು ನಂಬಿ ಬಾಗಿಲಿನಿಂದಲೇ ಇಣುಕಿ ಬಂದಿದ್ದಕ್ಕೆ ಇನ್‌ಸ್ಪೆಕ್ಟರು ಈಗ ತಮ್ಮನ್ನೇ ಬೈದುಕೊಂಡರು. ಒಳಗೆ ಒಂಬತ್ತು ಕಪಾಟು. ಧೂಳೂ ಇರಲಿಲ್ಲ, ಜೇಡರ ಬಲೆಯೂ ಇರಲಿಲ್ಲ. ಪ್ರತಿ ಪುಸ್ತಕದ ಬೆನ್ನಿಗೂ ಸಂಖ್ಯೆಯ ಚೀಟಿ. ಬಾಗಿಲ ಪಕ್ಕದ ಮೊಳೆಗೆ ದಾರದಲ್ಲಿ ಒಂದು ಪಟ್ಟಿ ತೂಗುತ್ತಿತ್ತು, ಯಾವ ಪುಸ್ತಕ ಯಾವ ಕಪಾಟಿನಲ್ಲಿದೆ ಎನ್ನುವ ಪಟ್ಟಿ.

ಟೇಪು ಎಣಿಸತೊಡಗಿದ. ಯಾರೂ ಹೇಳಿರಲಿಲ್ಲ, ಆದರೂ ಎಣಿಸಿದ. ಹನ್ನೊಂದು ಇಪ್ಪತ್ತೈದಕ್ಕೆ ಅವನು ಪಟ್ಟಿ ಹಿಡಿದು ಬಂದ.

"ಸಾರ್, ಸಾವಿರದ ನೂರ ನಲವತ್ತೇಳು ಪುಸ್ತಕ ಇದೆ. ಪಟ್ಟಿಗೆ ಸರಿಹೋಗುತ್ತೆ."

"ಸಂತೋಷ. ಮುಂದೆ?"

"ಕೊನೇದನ್ನ ಓದಿ ಸಾರ್."

ಇನ್‌ಸ್ಪೆಕ್ಟರು ಓದಿದರು. ಸಂಖ್ಯೆ 1147. ಆವಕ ಪುಸ್ತಕ, ಚಾಲ್ತಿ ವರ್ಷ. ಕಪಾಟು ಒಂಬತ್ತು, ನಾಲ್ಕನೇ ಅಡ್ಡಹಲಗೆ. ಇಟ್ಟ ದಿನ: ಏಳನೇ ತಾರೀಕು, ಶನಿವಾರ. ಇಟ್ಟವರ ಸಹಿ. ಸಹಿ ಟಪಾಲಮ್ಮನದು.

ಪುಸ್ತಕ ಅಲ್ಲೇ ಇತ್ತು, ರಟ್ಟು ಗಟ್ಟಿಯಾಗಿಯೇ ಇತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುವುದು ಇ‍ದಕ್ಕೇ ಎಂದು ದಫೇದಾರ ತಲೆಗೆ ಕೈ ಹೊತ್ತುಕೊಂಡ. ಇನ್‌ಸ್ಪೆಕ್ಟರು ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಟಪಾಲಮ್ಮನ ಮೇಜಿಗೆ ಬಂದರು.

"ಬಚ್ಚಿಡುವಾಗ ಪಟ್ಟೀಲಿ ಯಾಕೆ ಬರೆದ್ರಿ?"

ಟಪಾಲಮ್ಮ ಆ ಪಟ್ಟಿಯನ್ನು ನೋಡಿ, ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಮೊದಲ ಸಲ ತಲೆ ತಗ್ಗಿಸಿದರು. "ಬರೀದೆ ಹೇಗೆ ಇಡ್ಲಿ? ಪಟ್ಟೀಲಿ ಇಲ್ಲದ ಪುಸ್ತಕ ಕಪಾಟಲ್ಲಿ ಇಟ್ಟು ಅಭ್ಯಾಸ ಇಲ್ಲ."

ಹನ್ನೆರಡಕ್ಕೆ ವಶಪಡಿಸಿಕೊಳ್ಳುವ ಪಂಚನಾಮೆ ಶುರುವಾಯಿತು. ಪಂಚರಾಗಲು ತನ್ನ ಇಬ್ಬರು ಹುಡುಗರು ಸಿದ್ಧರಿದ್ದಾರೆ ಎಂದು ಇಸ್ತ್ರಿ ಮುಂದೆ ಬಂದ. ಇನ್‌ಸ್ಪೆಕ್ಟರು ಎದುರು ರಸ್ತೆಯ ದರ್ಜಿಯನ್ನೂ ಜೆರಾಕ್ಸ್ ಅಂಗಡಿಯಾಕೆಯನ್ನೂ ಕರೆಸಿದರು. ಆಮೇಲೆ ಪುಸ್ತಕವನ್ನು ಮೊದಲ ಪುಟದಿಂದ ತಿರುವಿಸಿ, ಪುಟಕ್ಕೊಂದು ಸಾಲಿನಂತೆ ಬರೆಸತೊಡಗಿದರು. ಹದಿಮೂರನೇ ತಾರೀಕಿನ ಪುಟ ಬಂದಾಗ ದಫೇದಾರನ ಕೈ ತಡೆದರು.

"ಇದನ್ನ ಬಿಡಿಸಿ ಬರಿ. ಸಂಖ್ಯೆ ಎರಡು ಸಾವಿರದ ಇನ್ನೂರ ಹದಿನಾರು, ಬ್ಯಾಟರಿ ಕಂಪನಿಯ ಅರ್ಜಿ. ದಿನದ ಕೊನೆಗೆ ಬಿಡುವ ಖಾಲಿ ಸಾಲಿನಲ್ಲಿದೆ. ಹಿಂದಿನ ಸಾಲು, ಮುಂದಿನ ಸಾಲು ಕಪ್ಪು ಶಾಯಿ. ಇದು ನೀಲಿ. ಕಚೇರಿಗೆ ನೀಲಿ ಪೆನ್ನು ಯಾವಾಗ ಬಂತಮ್ಮ?"

"ಈ ತಿಂಗಳ ಎರಡಕ್ಕೆ," ಎಂದರು ಟಪಾಲಮ್ಮ. "ಅದಕ್ಕೂ ಆವಕ ಇದೆ. ನೋಡಿ, ಎರಡು ಸಾವಿರದ ನಾನೂರ ಎಪ್ಪತ್ತಾರು."

"ಇಷ್ಟೆಲ್ಲ ವಿವರ ಬೇಕಾ ಸಾರ್?" ಇಸ್ತ್ರಿ ಕೇಳಿದ.

"ಕಳುವಿನ ಮಾಲಿಗೆ ಗುರುತು ಬರೀಬೇಕಲ್ಲ. ನಾಳೆ ಬೇರೆ ಯಾವುದೋ ಪುಸ್ತಕ ತಂದು ಇದೇ ಅದು ಅಂದ್ರೆ?"

ಇಸ್ತ್ರಿ ಫೋನು ಹಿಡಿದು ಹೊರಗೆ ಹೋದ. ಪುಟಗಳು ಮುಂದುವರಿದವು. ಈ ತಿಂಗಳ ಐದನೇ ತಾರೀಕಿಗೆ ಬಂದಾಗ, ಗಟ್ಟಿಯಾಗಿ ಓದುತ್ತಿದ್ದ ಜೆರಾಕ್ಸ್ ಅಂಗಡಿಯಾಕೆ ತಡವರಿಸಿ ನಿಂತಳು. ಇನ್‌ಸ್ಪೆಕ್ಟರು ಬಗ್ಗಿ ನೋಡಿದರು. ಅದೇ ಮುತ್ತಿನ ಅಕ್ಷರ.

ಸಂಖ್ಯೆ 2538. ಯಾರಿಂದ: ಆವಕ ಗುಮಾಸ್ತೆ, ಇದೇ ಕಚೇರಿ. ವಿಷಯ: ಹೋದ ತಿಂಗಳ ಹದಿಮೂರರ ಸಂಖ್ಯೆ 2216 ಅನ್ನು ಈ ತಿಂಗಳ ನಾಲ್ಕರಂದು ಮಧ್ಯಾಹ್ನ ಮೂರಕ್ಕೆ ನನ್ನ ಕೈಯಿಂದ ಬರೆಸಿದ್ದರ ಬಗ್ಗೆ. ಯಾರಿಗೆ: ಮುಖ್ಯಾಧಿಕಾರಿ. ಕ್ರಮ: ಓದಿ ಕಡತಕ್ಕೆ ಸೇರಿಸಲಾಗಿದೆ. ಪ್ರತಿ: ಪೊಲೀಸ್ ಠಾಣೆ.

ಇನ್‌ಸ್ಪೆಕ್ಟರು ಕೊನೆಯ ಎರಡು ಪದಗಳನ್ನು ಇನ್ನೊಮ್ಮೆ ಓದಿದರು. ದಫೇದಾರನಿಗೆ ಬರಿ ಎಂದು ಕೈಸನ್ನೆ ಮಾಡಿದರು.

ಪಂಚನಾಮೆಗೆ ಸಹಿಗಳಾಗಿ, ಅದರ ಪ್ರತಿ ಒಂದು ಗಂಟೆ ಐವತ್ತಕ್ಕೆ ಟೇಪುವಿನ ಕೈಯಲ್ಲಿ ನ್ಯಾಯಾಲಯಕ್ಕೆ ಹೋಯಿತು. ಎರಡು ಗಂಟೆ ಹತ್ತು ನಿಮಿಷಕ್ಕೆ ಮಹಿಳಾ ಕಾನ್‌ಸ್ಟೇಬಲ್ ಸಮಕ್ಷಮ ಟಪಾಲಮ್ಮನನ್ನು ಬಂಧಿಸಲಾಯಿತು. ಏಳುವ ಮುಂಚೆ ಆಕೆ ಅವತ್ತಿನ ಟಪಾಲಿನ ಕಟ್ಟನ್ನು ಪಕ್ಕದ ಮೇಜಿನ ಗುಮಾಸ್ತನಿಗೆ ಕೊಟ್ಟು, ಹದಿನೇಳು ಇದೆ, ಎಣಿಸಿಕೋ ಎಂದರು. ಅವನು ಎಣಿಸಿಕೊಂಡ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡದ್ದು ಇನ್‌ಸ್ಪೆಕ್ಟರೇ.

"ಬಚ್ಚಿಟ್ಟಿದ್ದು ಯಾಕೆ?"

"ಶುಕ್ರವಾರ, ಶನಿವಾರ ಕೂತು ನಕಲು ಮಾಡಿದೆ. ನಲವತ್ತನೇ ಪುಟದ ಹತ್ತಿರ ಬಂದಾಗ ಸಾಹೇಬರು ಬಂದು, 2538 ಬಿಟ್ಟು ಬರಿ ಅಂದ್ರು. ಹಳೇದು ಸೋಮವಾರ ಮಷೀನಿಗೆ ಅಂದ್ರು. ನನ್ನದೊಂದನ್ನ ಬಿಟ್ರೆ ಬಿಡಲಿ. ಮೇಷ್ಟ್ರದ್ದು, ಆರುನೂರು ಜನರದ್ದು, ಎಲ್ಲದಕ್ಕೂ ನಾನೇ ನಂಬರು ಹಾಕಿ ಚೀಟಿ ಕೊಟ್ಟಿದ್ದೀನಿ. ನಂಬರು ಕೊಟ್ಟ ಮೇಲೆ ಕಾಗದಕ್ಕೆ ನಾನು ಜವಾಬ್ದಾರಿ."

"ನಾಲ್ಕನೇ ತಾರೀಕು ಬರೆಯೋಲ್ಲ ಅಂತ ಹೇಳಬಹುದಿತ್ತಲ್ಲ?"

ಆಕೆಗೆ ಮಹಿಳಾ ಕಾನ್‌ಸ್ಟೇಬಲ್ ನೀರು ಕೊಟ್ಟಳು. ಲೋಟದಲ್ಲಿ ಅರ್ಧ ಮಾತ್ರ ಇತ್ತು, ಠಾಣೆಯ ಕ್ಯಾನೂ ಖಾಲಿಯಾಗಿತ್ತು.

"ಇಪ್ಪತ್ತಮೂರು ವರ್ಷ ದಿನಾ ಎರಡು ಸಾಲು ಬಿಟ್ಟಿದ್ದೀನಿ ಸಾರ್. ಯಾರದ್ದೋ ಪಿಂಚಣಿ ಅರ್ಜಿ, ಯಾರದ್ದೋ ನಲ್ಲಿ ಅರ್ಜಿ, ಒಂದು ದಿನ ತಡವಾಗಿ ಅಳ್ತಾ ಬಂದಿರೋರು. ಸಾಹೇಬರನ್ನ ಕೇಳಿ ಆ ಸಾಲಲ್ಲಿ ಸೇರಿಸ್ತಿದ್ದೆ. ಒಳ್ಳೇದೇ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ. ಇದನ್ನೂ ಹಾಗೇ ಕೈ ಬರೆದುಬಿಡ್ತು. ಮಾರನೇ ದಿನ ಬೋರ್ಡಿನ ಮೇಲೆ ಸೂಚನೆ ನೋಡಿದಾಗ ಗೊತ್ತಾಯ್ತು. ನಾನು ಬಿಟ್ಟ ಸಾಲಲ್ಲೇ ಊರ ಕೆರೆ ಹೋಯ್ತು."

"ಇಲ್ಲಿಗೆ ಬಂದು ಒಂದು ಮಾತು ಹೇಳಬಾರದಿತ್ತಾ?"

"ಬರೆದು ಕಳಿಸಿದ್ದೆನಲ್ಲ," ಎಂದರು ಟಪಾಲಮ್ಮ, ಬೇಸರವೇನೂ ಇಲ್ಲದೆ.

ಮೂರೂಕಾಲಿಗೆ ಜಿಲ್ಲೆಯ ಮೇಲಧಿಕಾರಿಯ ಫೋನು.

"ಪುಸ್ತಕ ಸಿಕ್ತಂತೆ, ಶಹಬ್ಬಾಸ್. ಈಗಲೇ ಕಚೇರಿಗೆ ವಾಪಸ್ ಕೊಡಿ."

"ಅದು ಮುದ್ದೆಮಾಲು ಸಾರ್. ನ್ಯಾಯಾಲಯದ ಅಪ್ಪಣೆ ಇಲ್ಲದೆ ಕೊಡೋ ಹಾಗಿಲ್ಲ."

"ಪಂಚನಾಮೇಲಿ ಶಾಯಿ ಗೀಯಿ ಅಂತ ಏನೇನೋ ಬರೆದಿದ್ದೀರಂತೆ. ಆ ಪುಟ ಬದಲಾಯಿಸಿ."

"ಪ್ರತಿ ನ್ಯಾಯಾಲಯಕ್ಕೆ ತಲುಪಿದೆ ಸಾರ್. ಆವಕ ನಂಬರೂ ಬಿದ್ದಿದೆ."

ನಿಮಗೆ ಈ ಊರು ಸಾಕಾಗಿರಬೇಕು ಎಂದು ಮೇಲಧಿಕಾರಿ ಫೋನಿಟ್ಟರು.

ಇನ್‌ಸ್ಪೆಕ್ಟರು ಕಾಗದಪತ್ರ ನೋಡಿಕೊಳ್ಳುವ ರೈಟರನ್ನು ಕರೆದು ಠಾಣೆಯ ಟಪಾಲು ಪುಸ್ತಕ ತರಿಸಿದರು. ಶುಕ್ರವಾರ, ಆರನೇ ತಾರೀಕು, ಮೂರನೇ ಸಾಲು: ನೀರು ಹಂಚಿಕೆ ಕಚೇರಿಯ ಆವಕ ಗುಮಾಸ್ತೆಯಿಂದ ಪತ್ರ, ಪುಟ ಎರಡು. ಎದುರಿಗೆ 'ನೋಡಿದೆ' ಎಂದು ಬರೆದು ಚಿಕ್ಕ ಸಹಿ. ಸಹಿ ತಮ್ಮದೇ. ಬೆಳಿಗ್ಗೆ ಚಹಾ ಕುಡಿಯುತ್ತ, ಫೋನಿನಲ್ಲಿ ಯಾರಿಗೋ ಹೂಂ ಹೂಂ ಎನ್ನುತ್ತ, ದಿನಕ್ಕೆ ಮೂವತ್ತು ನಲವತ್ತು ಕಾಗದಕ್ಕೆ ಅವರು ಹಾಕುವ ಸಹಿ ಅದು. ಪತ್ರ ಟ್ರೇಯ ತಳದಲ್ಲಿ ಸಿಕ್ಕಿತು. ಕಂಪನಿ ಕೊಟ್ಟ ಕುರ್ಚಿಯಲ್ಲಿ ಕೂತು ಅವರು ಎರಡೂ ಪುಟ ಓದಿದರು. ಎಲ್ಲ ಇತ್ತು, ಗಂಟೆ ಸಮೇತ. ಕೊನೆಗೆ, ದಯವಿಟ್ಟು ಪುಸ್ತಕವನ್ನು ಕೂಡಲೇ ವಶಕ್ಕೆ ತೆಗೆದುಕೊಳ್ಳಬೇಕೆಂದು ಪ್ರಾರ್ಥಿಸುತ್ತೇನೆ ಎಂದಿತ್ತು. ಅವತ್ತೇ ಓದಿದ್ದರೆ ಕಳ್ಳತನವೂ ಇರುತ್ತಿರಲಿಲ್ಲ, ಕಳ್ಳಿಯೂ ಇರುತ್ತಿರಲಿಲ್ಲ. ಇನ್‌ಸ್ಪೆಕ್ಟರಿಗೆ ನಾಲ್ಕು ದಿನದಿಂದ ಯಾರ ಯಾರ ಮೇಲೋ ಬಂದಿದ್ದ ಸಿಟ್ಟೆಲ್ಲ ಒಟ್ಟಿಗೆ ತಮ್ಮ ಮೇಲೇ ತಿರುಗಿದಂತಾಯಿತು.

ನಾಲ್ಕು ಗಂಟೆಗೆ ಆರೋಪಿಯನ್ನು ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ವರದಿ ತಯಾರಾಗಬೇಕಿತ್ತು. ರೈಟರು ಕಾಗದ ಜೋಡಿಸಿದ. ಇನ್‌ಸ್ಪೆಕ್ಟರು ಅದನ್ನು ತಮ್ಮ ಕಡೆ ಎಳೆದುಕೊಂಡು ತಾವೇ ಬರೆದರು. ದಫೇದಾರ ಹಿಂದಿನಿಂದ ಓದಿ, ಗಂಟಲು ಸರಿಮಾಡಿಕೊಂಡ.

"ಸಾರ್, ಕೊನೇ ಪ್ಯಾರಾ ಬೇಡ. ನಿಮ್ಮ ಮೇಲೇ ಬರುತ್ತೆ."

"ಬರಲಿ. ಪತ್ರ ಬಂದಿದ್ದೂ ನನ್ನ ಮೇಜಿಗೇ."

ವರದಿಯ ಕೊನೆಯ ಪ್ಯಾರಾ ಹೀಗಿತ್ತು: ಆರೋಪಿಯು ದಾಖಲೆಯನ್ನು ಕಚೇರಿಯಿಂದ ಹೊರಗೆ ಒಯ್ದಿರುವುದಿಲ್ಲ, ನಾಶಪಡಿಸಿರುವುದೂ ಇಲ್ಲ. ನಾಶವಾಗದಂತೆ ಇರಿಸಿರುತ್ತಾರೆ. ಸಂಖ್ಯೆ 2216 ಅನ್ನು ಹಿಂದಿನ ತಾರೀಕಿಗೆ ಬರೆಸಲಾದ ಸಂಗತಿಯನ್ನು ಆರೋಪಿಯು ಇದೇ ತಿಂಗಳ ಆರರಂದು ಈ ಠಾಣೆಗೆ ಬರವಣಿಗೆಯಲ್ಲಿ ತಿಳಿಸಿದ್ದು, ತನಿಖಾಧಿಕಾರಿಯಾದ ನಾನು ಅದನ್ನು ಓದದೆ 'ನೋಡಿದೆ' ಎಂದು ಸಹಿ ಮಾಡಿರುತ್ತೇನೆ.